ಮೆಲ್ಲಗೆ ನುಡಿಸಲು ಕಲಿತದ್ದು

ಕುಷ್ಟಗಿ
೧೮ ಫೆಬ್ರುವರಿ ೧೯೭೯

ಪೂಜ್ಯ ಫ್ಲೋರಾ ಟೀಚರಿಗೆ,

ಹುಲಗಮ್ಮಳ ನಮಸ್ಕಾರಗಳು. ಮುನಿರಾಬಾದಿನ ಕ್ಲಬ್ಬಿನಿಂದ ನಾನು ಹೇಳದೆ ಎದ್ದು ತವರಿಗೆ ಬಂದದ್ದರಿಂದ ನಿಮಗೆ ಬೇಸರವಾಗಿದೆ ಎಂದು ನಮ್ಮವರು ಬರೆದಿದ್ದಾರೆ.

ಅಂದು ನಾನು ಪಿಯಾನೊ ಮುಂದೆ ಕೂತಾಗ ನೀವು ಎದ್ದು ನಿಂತು ಎಲ್ಲರಿಗೂ ಹೇಳಿದಿರಿ: “ಈಕಿ ಮಗಳು ತೀರಿಕೊಂಡು ಇನ್ನಾ ವರ್ಷ ತುಂಬಿಲ್ರಿ. ಈಗ ಈಕಿ ಕೈಯಾಗ ದುಃಖ ಐತಿ, ಕೇಳ್ರಿ.” ಆ ನಿಧಾನದ ಕೃತಿಯನ್ನು ನಾನು ಮುಗಿಸುವ ಮೊದಲೇ ಇಂಜಿನಿಯರರ ಹೆಂಡಂದಿರು ಕಣ್ಣೊರೆಸಿಕೊಳ್ಳತೊಡಗಿದರು. “ನೋಡವ್ವಾ, ನಾ ಎಷ್ಟು ಹೇಳಿದ್ರೂ ಬರಲಾರದ್ದು ಈಗ ಬಂತು,” ಎಂದು ನೀವು ಬೆನ್ನು ಸವರಿದಿರಿ.

ಟೀಚರ್, ಅದು ಈಗ ಬಂದದ್ದಲ್ಲ. ಹೋದ ಬೇಸಿಗೆಯಲ್ಲಿ, ನೀವು ಊಟಕ್ಕೆ ಹೋದಮೇಲೆ ಕ್ಲಬ್ಬಿನಲ್ಲಿ ನಾನೊಬ್ಬಳೇ ಅದೇ ಕೃತಿಯನ್ನು ಅಭ್ಯಾಸ ಮಾಡುತ್ತಿದ್ದೆ. ನನ್ನ ಕೂಸು ನೀಲವ್ವ ಪಕ್ಕದಲ್ಲೇ ಕೌದಿಯ ಮೇಲೆ ಮಲಗಿರುತ್ತಿದ್ದಳು. ಎಡಗೈ ಜೋರಾದರೆ ಎದ್ದು ಅಳುತ್ತಿದ್ದಳು. ಅದಕ್ಕೇ ಒಂದೊಂದು ಸ್ವರವನ್ನೂ ಮೆಲ್ಲಗೆ ಒತ್ತಿ, ಅದು ಆರುವ ತನಕ ಕಾಯುವುದನ್ನು ಕಲಿತೆ. ಆಗ ನನಗೆ ಯಾವ ದುಃಖವೂ ಇರಲಿಲ್ಲ.

ನಾನಿನ್ನು ಅಲ್ಲಿಗೆ ನುಡಿಸಲು ಬರುವುದಿಲ್ಲ. ಈಗ ಕಲಿಯುತ್ತಿರುವ ಓವರ್‌ಸಿಯರರ ಮಗಳು ಬಲು ಗಟ್ಟಿಯಾಗಿ ನುಡಿಸುತ್ತಾಳೆ. ಆಕೆಗೆ ತಾಳ್ಮೆಯಿಂದ ಕಲಿಸಿರಿ. ಆಕೆಯ ಮನೆಯಲ್ಲೊಂದು ಸಾವಾಗಲಿ ಎಂದು ಕಾಯಬೇಡಿರಿ.

ನಿಮ್ಮಲ್ಲಿ ಕಲಿತವಳು,
ಹುಲಗಮ್ಮ