ಹೆಚ್ಚಿದ ಬಳೆಗಳಿಗೆ ಬಿದ್ದ ತೆರಿಗೆ

ಹದಿನಾಲ್ಕು ಅಂಕಣಗಳ ಒಡೆಯರಾದ ಮಾನ್ಯ ಮಾರಾಟ ತೆರಿಗೆ ಅಧಿಕಾರಿಗಳೇ,

ಶಿಕಾರಿಪುರದ ಬಳೆ ವ್ಯಾಪಾರಿ ಗುಲಾಬ್ ಸಾಬರು ಇನ್ನೂರ ತೊಂಬತ್ತು ಡಜನ್ ಬಳೆಗಳನ್ನು ಸರ್ಕಾರದ ಕಣ್ಣು ತಪ್ಪಿಸಿ ಮಾರಿದ್ದಾರೆಂದು ತೀರ್ಮಾನಿಸಿ ತಾವು ನೋಟೀಸು ಕಳಿಸಿದ್ದೀರಿ. ಆ ಬಳೆಗಳು ಈ ಭೂಮಿಯ ಮೇಲೆ ಯಾವ ಹೆಂಗಸಿನ ಕೈಯಲ್ಲೂ ಇಲ್ಲ. ಅರ್ಧ ಭಾಗ ಚೂರುಚೂರಾಗಿ ಅವರ ಅಂಗಡಿಯ ಹಿಂದಿನ ತಿಪ್ಪೆಯಲ್ಲಿವೆ. ಉಳಿದರ್ಧ ಹುಟ್ಟಿದ್ದೇ ತಮ್ಮ ಕಚೇರಿಯ ಕೂಡುವ ಲೆಕ್ಕದಲ್ಲಿ. ಹೀಗೆ ಇಲ್ಲದ ಬಳೆಗಳ ಮೇಲೆ ಇರುವ ತೆರಿಗೆಯನ್ನೂ, ಅದರ ಮೇಲೆ ದಂಡವನ್ನೂ ಬರುವ ತಿಂಗಳು ಹದಿನೈದರೊಳಗೆ ಕಟ್ಟದಿದ್ದರೆ ಅಂಗಡಿಯ ಮಾಲು ಜಪ್ತಿಯಾಗುತ್ತದೆಂದು ಬರೆದಿದ್ದೀರಿ. ಅಂಗಡಿಯ ಮಾಲನ್ನೆಲ್ಲ ಮಾರಿದರೂ ತಾವು ಕೇಳಿದ ಮೊತ್ತದ ಮುಕ್ಕಾಲು ಹುಟ್ಟುವುದಿಲ್ಲ. ಜಪ್ತಿಗೆ ಬರುವವರಿಗೆ ಹುಷಾರಾಗಿ ಎತ್ತಲು ಹೇಳಿ, ಗಾಜಿನ ಸಾಮಾನು.

ನಡುವೆ ಬಾಯಿ ಹಾಕಲು ನೀನು ಯಾರು ಎಂದು ತಾವು ಕೇಳಬಹುದು. ಗುಲಾಬ್ ಸಾಬರ ಪಕ್ಕದ ಮಳಿಗೆಯಲ್ಲಿ ಕಾಗದ, ಮಸಿ, ಲೆಕ್ಕದ ಪುಸ್ತಕ ಮಾರುವವನು ನಾನು. ಈ ಅಪರಾಧದಲ್ಲಿ ಮೊದಲನೇ ಆರೋಪಿ ನಿಜವಾಗಿ ನಾನೇ. ಕಳೆದ ವರ್ಷ ಮಾರ್ಚಿನಲ್ಲಿ ತಾವು ನಮ್ಮೂರಿಗೆ ಬಂದು ಸಣ್ಣ ವ್ಯಾಪಾರಿಗಳಿಗೆ ಸಲಹಾ ಶಿಬಿರ ನಡೆಸಿದ್ದು ನೆನಪಿದೆಯೇ? ಎಲ್ಲರಿಗೂ ಒಂದು ಗ್ಲಾಸು ಶರಬತ್ತು, ಒಂದು ಕಿರುಪುಸ್ತಕ. ವ್ಯಾಪಾರವನ್ನು ಹೇಗೆ ಮಾಡಬೇಕೆಂದು ಮೂರು ತಲೆಮಾರಿನಿಂದ ವ್ಯಾಪಾರ ಮಾಡುತ್ತಿರುವವರಿಗೆ ತಿಂಗಳ ಸಂಬಳದ ತಾವು ಎರಡು ಗಂಟೆ ವಿವರಿಸಿದಿರಿ. ನಾವು ಚಪ್ಪಾಳೆ ತಟ್ಟಿದೆವು. ನಾನಂತೂ ಸ್ವಲ್ಪ ಜೋರಾಗಿಯೇ ತಟ್ಟಿದೆ, ಯಾಕೆಂದರೆ ಆ ಕಿರುಪುಸ್ತಕದ ಕೊನೆಯ ಪುಟದಲ್ಲಿದ್ದ ಹದಿನಾಲ್ಕು ಅಂಕಣದ ಹಾಳೆಯನ್ನು ಪುಸ್ತಕವಾಗಿ ಹೊಲಿಸಿ ಮಾರಬಹುದಲ್ಲ ಎಂದು ಅಲ್ಲೇ ಕೂತು ಲೆಕ್ಕ ಹಾಕುತ್ತಿದ್ದೆ. ಹೊಲಿಸಿದೆ, ಮಾರಿದೆ. ಬಿಚ್ಚಿದರೆ ಜಮಖಾನೆಯಷ್ಟು ಅಗಲವಾಗುವ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು ಬರೆಯಲಾಗುವುದಿಲ್ಲ, ನೆಲದ ಮೇಲೆ ಹಾಸಿಕೊಂಡು ಮೊಣಕಾಲೂರಿ ಬರೆಯಬೇಕು. ಸರ್ಕಾರದ ಲೆಕ್ಕಕ್ಕೆ ಅದೇ ಸರಿಯಾದ ಭಂಗಿ ಎಂದು ಆಗ ನನಗೆ ತೋಚಲಿಲ್ಲ.

ಮೊದಲ ಪುಸ್ತಕ ಕೊಂಡವರು ಗುಲಾಬ್ ಸಾಬರು. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವರು, ಅಕ್ಷರ ಮುತ್ತಿನಂತಿದೆ. ತಮ್ಮ ಕಿರುಪುಸ್ತಕವನ್ನು ಅವರಿಗೆ ಸಾಲುಸಾಲಾಗಿ ಓದಿ ಹೇಳಿದವನು ನಾನು. "ಮಾಲಿನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಅದೇ ದಿನ ಬರೆಯಿರಿ. ನಿಮ್ಮ ದಿನಬಳಕೆಯ ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ." ರಾಜ್ಯಕ್ಕೆ ಹೊಸ ಹೆಸರು ಬರುವ ಮಾತು ನಡೆಯುತ್ತಿದ್ದ ಕಾಲ, ಆ ಸಾಲನ್ನು ಎರಡೆರಡು ಸಲ ಓದಿದೆ ಎಂದು ಒಪ್ಪಿಕೊಳ್ಳುತ್ತೇನೆ. "ಗಿರಾಕಿಯ ಹೆಸರು ನೆನಪಿಡಿ, ಆರನೇ ಅಂಕಣದಲ್ಲಿ ಬರೆಯಿರಿ. ಗಿರಾಕಿಯೊಡನೆ ನಗುಮುಖದಿಂದ ಮಾತಾಡಿ, ಆತ್ಮೀಯತೆ ಬೆಳೆಸಿ."

ಈ ಕೊನೆಯ ಸಲಹೆಗೆ ಗುಲಾಬ್ ಸಾಬರು ನಕ್ಕುಬಿಟ್ಟರು. ಅವರದು ಗಿರಾಕಿಯ ಕೈ ಹಿಡಿದೇ ಮಾಡುವ ವ್ಯಾಪಾರ. ಉಡುತಡಿಯ ನೀಲಾಂಬಿಕೆಯ ಸೀಮಂತಕ್ಕೆ ಹೋಗಿ, ಏಳು ತಿಂಗಳ ಬಸುರಿಯ ಊದಿದ ಕೈಯನ್ನು ನೋಯಿಸದಂತೆ ಹಿಸುಕಿ, ಅತ್ತೆಯ ಸುದ್ದಿ ಕೇಳಿ, ನಗಿಸಿ, ಆ ನಗುವಿನ ಮಧ್ಯೆ ಬಳೆಯನ್ನು ಗೆಣ್ಣು ದಾಟಿಸಿಬಿಡುವ ಮನುಷ್ಯ ಅವರು. ಶಿಕಾರಿಪುರದಲ್ಲಿ ಅಂಗಡಿ, ವಾರಕ್ಕೆರಡು ದಿನ ಸೊರಬ, ಜಡೆ ಕಡೆಗೆ ಬಳೆಗಳ ಮಲಾರ ಹೊತ್ತು ಬಸ್ಸು ಹತ್ತುವುದು. ಮೂವತ್ತು ವರ್ಷದಲ್ಲಿ ಒಬ್ಬ ಹೆಣ್ಣುಮಗಳೂ ಅವರ ಮುಂದೆ ಕೈ ಹಿಂತೆಗೆದದ್ದಿಲ್ಲ. ಅವರಿಗೆ ಆತ್ಮೀಯತೆಯ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಅವರು, "ಸರ್ಕಾರ ಹೇಳೈತಿ ಅಂದ್ರ ಬರ್ದಬಿಡೂಣು ರೀ" ಎಂದು ಬರೆಯತೊಡಗಿದರು.

ಇಲ್ಲಿಂದ ಮುಂದೆ ತಾವು ದಯವಿಟ್ಟು ಗಮನವಿಟ್ಟು ಓದಬೇಕು, ಇಡೀ ಮೊಕದ್ದಮೆ ಒಂದೇ ಶಬ್ದದ್ದು. ಬಳೆ ತೊಡಿಸುವಾಗ ಒಂದೆರಡು ಹೋಗುವುದು ಸಹಜ. ಆ ನಷ್ಟ ಬಳೆಗಾರನದು, ಗಿರಾಕಿಯಿಂದ ಕಾಸು ತೆಗೆದುಕೊಳ್ಳುವುದಿಲ್ಲ. ಹಾಗೆ ಹೋದದ್ದನ್ನು ನಮ್ಮಲ್ಲಿ ಯಾರೂ "ಬಳೆ ಒಡೆಯಿತು" ಎನ್ನುವುದಿಲ್ಲ. ಆ ಮಾತಿರುವುದು ಗಂಡ ಸತ್ತವಳಿಗೆ. ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಚಿಕ್ಕ ಮಗುವಿಗೂ ಗೊತ್ತಿರುವ ಮಾತು ಇದು. ಗುಲಾಬ್ ಸಾಬರು ತಮ್ಮ ಅಪ್ಪಣೆಯಂತೆ ದಿನಬಳಕೆಯ ಕನ್ನಡದಲ್ಲಿ, ಆರನೇ ಅಂಕಣದಲ್ಲಿ ಗಿರಾಕಿಯ ಹೆಸರನ್ನೂ ಹದಿನಾಲ್ಕನೆಯ ಷರಾ ಅಂಕಣದಲ್ಲಿ "ಹೆಚ್ಚಿದವು ಎರಡು", "ಹೆಚ್ಚಿದವು ನಾಲ್ಕು" ಎಂದೂ ವರ್ಷವಿಡೀ ಬರೆದರು. ಒಟ್ಟು ನೂರ ನಲವತ್ತೈದು ಡಜನ್. ತಮ್ಮ ಕಚೇರಿಯವರು ಅದನ್ನು ಓದಿ, ಹೆಚ್ಚಿದವು ಎಂದರೆ ಹೆಚ್ಚಿದವು ತಾನೇ ಎಂದು ಮಾಲಿಗೆ ಕೂಡಿಸಿದರು. ಕಳೆಯಬೇಕಾದದ್ದನ್ನು ಕೂಡಿಸಿದರೆ ವ್ಯತ್ಯಾಸ ಎರಡರಷ್ಟಾಗುತ್ತದೆಂದು ನಾಲ್ಕನೇ ಇಯತ್ತೆಯಲ್ಲೇ ಕಲಿಸುತ್ತಾರೆ. ಹಾಗೆ ಇನ್ನೂರ ತೊಂಬತ್ತು ಡಜನ್ ಬಳೆ ಅಂಗಡಿಯಲ್ಲಿ ಕಾಣೆಯಾದವು. ಇಷ್ಟು ಬಚ್ಚಿಟ್ಟವನು ಇನ್ನೆಷ್ಟು ಬಚ್ಚಿಟ್ಟಿರಬೇಡ ಎಂದು ತಾವು ಅದಕ್ಕೆ ಐದು ಪಟ್ಟು ಅಂದಾಜು ಹಾಕಿದಿರಿ. ವಹಿವಾಟು ತೆರಿಗೆ ಬೀಳುವ ಗೆರೆ ದಾಟಿತು. ಅಂಗಡಿಯಲ್ಲಿ ಬಳೆಯ ಜೊತೆಗೆ ಮಾರುವ ರಿಬ್ಬನ್ನು, ಸ್ನೋ, ಪೌಡರು, ಹಣಿಗೆ ಎಲ್ಲಕ್ಕೂ ತೆರಿಗೆ ಬಿತ್ತು. ಬಳೆಗಾರನ ಏಳಿಗೆ ಹೀಗೆ ಕಾಗದದ ಮೇಲೆ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಚಾರಣೆಗೆ ತಾವು ಸೊರಬದಲ್ಲಿ ಮೊಕ್ಕಾಂ ಮಾಡಿದ್ದ ದಿನ ನಾನೂ ಅವರ ಜೊತೆ ಬಂದಿದ್ದೆ, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ನಡೆದದ್ದನ್ನು ತಾವು ಮರೆತಿದ್ದರೆ ನೆನಪಿಸುತ್ತೇನೆ.

"ಹೆಚ್ಚಿದವು ಎಂದರೆ ಏನ್ರೀ?" ಎಂದು ತಾವು ಕೇಳಿದಿರಿ.

"ಹೆಚ್ಚಿದ್ವು ಅಂದ್ರ ಕಮ್ಮಿ ಆದ್ವು ರೀ ಸಾಹೇಬ್ರ," ಎಂದರು ಗುಲಾಬ್ ಸಾಬರು.

"ಹೆಚ್ಚಿದರೆ ಕಮ್ಮಿ ಹೇಗೆ ಆಗುತ್ತೆ? ತಮಾಷೆ ಮಾಡ್ತೀರಾ?"

"ಇಲ್ಲ ರೀ. ಹೆಚ್ಚಿದ್ದಷ್ಟೂ ಕಮ್ಮೀನ ಆಗೋದು."

ಆಗ ಹೂಜಿಗೆ ನೀರು ತುಂಬಲು ಬಂದ ಕಚೇರಿಯ ಕೆಲಸದ ಬಸವಣ್ಣೆಮ್ಮ ತಡೆಯಲಾರದೆ ನಿಂತಳು. "ಅಯ್ಯೋ, ಬಳೆ ಹೆಚ್ತು ಅಂದ್ರೆ ಗೊತ್ತಿಲ್ವನ್ರೀ ನಿಮಗೆ?"

"ಹಾಗಾದರೆ ನೀನೇ ಹೇಳು, ಏನು ಅರ್ಥ?"

"ನಾ ಹೇಳಲ್ಲಪ್ಪ. ಶುಕ್ರವಾರ ಬೇರೆ," ಎಂದು ಅವಳು ಕೊಡ ಎತ್ತಿಕೊಂಡು ಹೊರಟೇ ಹೋದಳು.

ಕೊನೆಗೆ ನಾನು ಎದ್ದು ನಿಂತು ಅರ್ಥ ಹೇಳಿದೆ. ತಾವು ನಕ್ಕಿರಿ. ತಪ್ಪು ತಿಳಿದ ಮೇಲೆ ಒಬ್ಬ ಅಧಿಕಾರಿ ನಗುವುದನ್ನು ಕಂಡು, ಮುಗಿಯಿತು, ಇನ್ನು ನೋಟೀಸು ಹರಿದ ಹಾಗೆ ಎಂದು ನನಗೂ ಸಮಾಧಾನವಾಯಿತು. ಆದರೆ ತಾವು ಹೇಳಿದ್ದು ಬೇರೆ: "ಬಾಯಿಮಾತು ಕಡತಕ್ಕೆ ಬರೋದಿಲ್ಲ. ಪುಸ್ತಕ ತಗೊಂಡು ಹೋಗಿ, ಪ್ರತಿ ಸಾಲಿನಲ್ಲೂ ಹೆಚ್ಚಿದವು ಅನ್ನೋದನ್ನ ಹೊಡೆದುಹಾಕಿ, ಒಡೆದವು ಅಂತ ಬರೆದು, ಸಹಿ ಮಾಡಿ ತನ್ನಿ. ಒಂದು ಶಬ್ದದ ಕೆಲಸ, ಅದಕ್ಕೇನು?"

ಒಂದು ಶಬ್ದದ ಕೆಲಸ ನಿಜ. ಆ ಶಬ್ದ ಬರೆಯಬೇಕಾದ ಪ್ರತಿ ಸಾಲಿನಲ್ಲೂ ಒಬ್ಬ ಮುತ್ತೈದೆಯ ಹೆಸರಿದೆ, ಅದನ್ನು ಬರೆಯಿಸಿದವರು ತಾವೇ. ಆತ್ಮೀಯತೆ ಬೆಳೆಯಲಿ ಎಂದು.

ಮಾರನೆಯ ದಿನ ಮಧ್ಯಾಹ್ನ ಅವರ ಅಂಗಡಿಯಲ್ಲಿ ಪುಸ್ತಕ ಹಾಸಿಕೊಂಡು ಕೂತೆವು. ಗುಲಾಬ್ ಸಾಬರು ಪೆನ್ನು ಹಿಡಿದರು, ಇಟ್ಟರು, ಮತ್ತೆ ಹಿಡಿದರು. ಆಮೇಲೆ ಹೇಳಿದರು: "ಆಗಂಗಿಲ್ಲ ರೀ ಪರಮಶಿವಪ್ಪಾರ. ನಂಬಿ ನನ್ನ ಕೈಯಾಗ ಕೈ ಕೊಟ್ಟಾರ ಅವ್ರು. ಈಗ ಅದೇ ಕೈಲೆ ಅವ್ರ ಹೆಸರಿನ ಮುಂದ ಆ ಮಾತು ಬರೀಲೇನು?" ಒಳಗಿನಿಂದ ಅವರ ಹೆಂಡತಿ ಸುಗ್ರಾ ಬೀ ಪರದೆಯ ಹಿಂದೆಯೇ ನಿಂತು ಹೇಳಿದರು: "ಅಂಗ್ಡಿ ಹೋದ್ರ ಹೋಗ್ಲಿ ರೀ ಅಣ್ಣಾರ. ಅಕ್ಕಿ ಗಿರಣ್ಯಾಗ ಕೂಲಿ ಮಾಡ್ತೀವಿ. ಹಂಗ ಮಾತ್ರ ಬರೀಸಬ್ಯಾಡ್ರಿ."

ನಾನು ಸ್ವಲ್ಪ ಓದಿಕೊಂಡವನು, ಪತ್ರಿಕೆ ತರಿಸುವವನು. ಇದೆಲ್ಲ ಮೂಢನಂಬಿಕೆ, ಶಾಯಿಗೆ ಯಾರ ತಾಳಿಯನ್ನೂ ಕೀಳುವ ಶಕ್ತಿಯಿಲ್ಲ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. "ಕೊಡಿ ಇಲ್ಲಿ, ನಾನೇ ಬರೆಯುತ್ತೇನೆ, ನೀವು ಸಹಿ ಮಾಡಿದರೆ ಸಾಕು" ಎಂದು ಪೆನ್ನು ಕಸಿದುಕೊಂಡು ಮೊದಲ ಪುಟ ತೆರೆದೆ. ಯುಗಾದಿಯ ಮುಂಚಿನ ದಿನ. ಮೊದಲ ಹೆಸರು ರಾಜೇಶ್ವರಮ್ಮ. ಹೆಚ್ಚಿದವು ಮೂರು.

ರಾಜೇಶ್ವರಮ್ಮ ನನ್ನ ಹೆಂಡತಿ. ಅವಳ ಹೆಸರಿನ ಮುಂದೆ ಆ ಶಬ್ದವನ್ನು ನನ್ನ ಕೈಯಾರೆ ಬರೆಯುವುದೆಂದರೆ ನನ್ನ ತಿಥಿಯ ಪತ್ರವನ್ನು ನಾನೇ ಅಚ್ಚು ಹಾಕಿಸಿದಂತೆ. ನಾನು ವೈಚಾರಿಕ ಮನುಷ್ಯ, ಆದರೆ ಬದುಕಿರುವ ಮನುಷ್ಯ ಕೂಡ. ಪೆನ್ನು ಕಾಗದ ಮುಟ್ಟಲಿಲ್ಲ. ಗುಲಾಬ್ ಸಾಬರು ನನ್ನ ಮುಖ ನೋಡಿ ನಗಲಿಲ್ಲ, ಪುಸ್ತಕ ಮಡಿಸಿ ಒಂದು ಲೋಟ ಚಾ ತರಿಸಿದರು. ನನಗೆ ನಾಚಿಕೆಯಾಯಿತು. ಆ ಪುಸ್ತಕವನ್ನು ಅವರಿಗೆ ಮಾರಿ ಒಂದೂವರೆ ರೂಪಾಯಿ ಲಾಭ ಮಾಡಿಕೊಂಡದ್ದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

ಮಾನ್ಯರೇ, ಇದು ಈಸೂರಿನ ತಾಲೂಕು. ತೆರಿಗೆ ಕೊಡುವುದಿಲ್ಲ ಎಂದು ಹೇಳಬೇಕಾದಾಗ ಇಲ್ಲಿಯವರು ಬಾಯಿಬಿಟ್ಟೇ ಹೇಳಿದ್ದಾರೆ. ಗುಲಾಬ್ ಸಾಬರು ಹಾಗೆ ಹೇಳುತ್ತಿಲ್ಲ. ಕೊಡಬೇಕಾದದ್ದನ್ನು ಪೈಸೆ ಬಿಡದೆ ಕೊಡುತ್ತೇನೆ, ಮುತ್ತೈದೆಯರಿಗೆ ಕೇಡು ಬರೆಯಲಾರೆ ಎನ್ನುತ್ತಿದ್ದಾರೆ, ಅಷ್ಟೇ. ಸಾಬರಿಗೇಕೆ ನಮ್ಮ ಹೆಂಗಸರ ಅರಿಸಿನ ಕುಂಕುಮದ ಚಿಂತೆ ಎಂದು ತಮ್ಮ ಗುಮಾಸ್ತರು ಅಂದರಂತೆ. ಯಾರಿಗೆ ಇರಬೇಕು ಮತ್ತೆ? ತಮ್ಮ ಕಚೇರಿಗೋ? ದಿನಬಳಕೆಯ ಕನ್ನಡದಲ್ಲಿ ಬರೆಯಿರಿ ಎಂದ ಮೇಲೆ ದಿನಬಳಕೆಯ ಕನ್ನಡ ಬಲ್ಲವರೊಬ್ಬರನ್ನು ಕಚೇರಿಯಲ್ಲಿ ಇಟ್ಟುಕೊಳ್ಳುವುದು ಬೇಡವೇ? ನಾವು ಮನೆಯಿಂದ ಹೊರಡುವಾಗ "ಹೋಗಿ ಬರುತ್ತೇನೆ" ಎನ್ನುತ್ತೇವೆ. ನಾಳೆ ಬಸ್ಸಿನವರು ಬರುವ ಟಿಕೇಟಿನ ಕಾಸನ್ನೂ ಕೇಳಿದರೆ ಏನು ಗತಿ? ದೀಪ ಆರಿಸುವುದಕ್ಕೆ "ದೊಡ್ಡದು ಮಾಡು" ಎನ್ನುತ್ತೇವೆ. ಸೀಮೆಎಣ್ಣೆ ಜಾಸ್ತಿ ಉರಿಸಿದಿರೆಂದು ರೇಷನ್ನು ಕಡಿತ ಮಾಡುವಿರಾ?

ಇನ್ನೊಂದು ಮಾತು. ಇದನ್ನು ಬರೆಯಬೇಡಿ ಎಂದು ಗುಲಾಬ್ ಸಾಬರು ಕೈಮುಗಿದು ಕೇಳಿಕೊಂಡಿದ್ದರು. ನಾನು ಅವರಷ್ಟು ಒಳ್ಳೆಯವನಲ್ಲ. ಪುಸ್ತಕದ ನಲವತ್ತೊಂದನೆಯ ಪುಟ, ಕಳೆದ ಜನವರಿ. ಹುಚ್ಚರಾಯಸ್ವಾಮಿ ದರ್ಶನಕ್ಕೆ ಬಂದಿದ್ದ ಒಬ್ಬ ತಾಯಿ ಅಂಗಡಿಗೂ ಬಂದು ಹಸಿರು ಬಳೆ ತೊಡಿಸಿಕೊಂಡು ಹೋಗಿದ್ದಾರೆ. ಆರನೇ ಅಂಕಣದಲ್ಲಿ ಮುತ್ತಿನಂಥ ಅಕ್ಷರ: "ತೆರಿಗೆ ಸಾಹೇಬರ ಮನೆಯವರು." ಷರಾ: "ಹೆಚ್ಚಿದವು ಎರಡು." ಸೊರಬದಲ್ಲಿ ತಮ್ಮ ಮುಂದೆ ನಿಂತಾಗ ಈ ಪುಟ ಅವರ ಕೈಯಲ್ಲೇ ಇತ್ತು. ಯಾಕೆ ತೋರಿಸಲಿಲ್ಲ ಎಂದು ಆಮೇಲೆ ಬಸ್ಸಿನಲ್ಲಿ ಬೈದೆ. "ಆ ತಾಯಿ ಏನ್ ಮಾಡ್ಯಾರ ರೀ? ಅವ್ರ ಹೆಸರು ಕಚೇರ್ಯಾಗ ಯಾಕ ಎಳೀಬೇಕು?" ಎಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹದಿನೈದನೇ ತಾರೀಖಿನೊಳಗೆ ತಾವು ಖುದ್ದಾಗಿ ಶಿಕಾರಿಪುರಕ್ಕೆ ಬರಬೇಕು. ನಲವತ್ತೊಂದನೆಯ ಪುಟ ತೆರೆದಿಟ್ಟಿರುತ್ತೇವೆ. ಆ ಒಂದು ಸಾಲಿನಲ್ಲಿ, ಆ ಒಂದು ಶಬ್ದವನ್ನು, ತಮ್ಮ ಸ್ವಂತ ಕೈಯಿಂದ ತಿದ್ದಿ, ಕೆಳಗೆ ಸಹಿ ಮಾಡಬೇಕು. ತಾವು ಬರೆದರೆ ಉಳಿದ ಎಲ್ಲ ಸಾಲುಗಳನ್ನೂ ಅಂದೇ ತಿದ್ದಿಸುವ ಹೊಣೆ ನನ್ನದು, ಮೊದಲು ರಾಜೇಶ್ವರಮ್ಮನದು. ಕೈ ಏಳದಿದ್ದರೆ ನೋಟೀಸು ಹರಿದುಹಾಕಿ, ನೂರ ನಲವತ್ತೈದು ಡಜನ್ನನ್ನು ಕಳೆದು, ಒಂದು ಲೋಟ ಚಾ ಕುಡಿದು ಹೋಗಿಬನ್ನಿ. ತಮ್ಮ ಕೈ ಏಳುವುದಿಲ್ಲವೆಂದೇ ಗುಲಾಬ್ ಸಾಬರು ನಂಬಿದ್ದಾರೆ. ಏಳದಿರಲಿ ಎಂದು ಸುಗ್ರಾ ಬೀ ಐದು ಹೊತ್ತೂ ಬೇಡಿಕೊಳ್ಳುತ್ತಿದ್ದಾರೆ, ಅಂಗಡಿ ಉಳಿಯಲಿ ಎಂದಲ್ಲ, ಆ ಹೆಣ್ಣುಮಗಳು ನೂರು ವರ್ಷ ಮುತ್ತೈದೆಯಾಗಿ ಬಾಳಲಿ ಎಂದು.

ಇಂತಿ,
ತಮ್ಮ ಸಲಹೆಯನ್ನು ನಂಬಿದ್ದಲ್ಲದೆ ನೆರೆಯವನಿಗೂ ನಂಬಿಸಿದ ಪಾಪಿ,
ಪರಮಶಿವಪ್ಪ
ಕಾಗದದ ಅಂಗಡಿ, ಶಿಕಾರಿಪುರ
ಸೆಪ್ಟೆಂಬರ್ ೧೯೭೪