ಅಬ್ಬಾ ನೆಟ್ಟ ಬೇರು

ಏಪ್ರಿಲ್ 21
ಬಳ್ಳಿಗೆ ನೆರಳೆಂದು ಕಟ್ಟಿದ ಗೋಣಿಚೀಲಕ್ಕೆ ಮತ್ತೆ ನೀರು ಹೊಡೆದೆ. ಮಧ್ಯಾಹ್ನದೊಳಗೆ ಒಣಗಿ ಹಪ್ಪಳ. ನರೇಗಲ್ಲಿನ ಬಿಸಿಲಿಗೆ ಯಾವ ಬಳ್ಳಿ ತಾನೇ ತಡೆದೀತು? ಆದರೂ ಅಬ್ಬಾ ನೆಟ್ಟ ಬೇರು ಚಿಗುರಿದೆ — ಅವರು ತೀರಿಕೊಂಡ ಮೇಲೆ. ಬೆಳಗಾವಿಯಲ್ಲಿ ಯಾರದೋ ತೋಟಕ್ಕೆ ಫರಸಿ ಕಲ್ಲು ಹಾಸಲು ಹೋದಾಗ ತಂದದ್ದು. ಏನು ಬಳ್ಳಿ ಎಂದು ಯಾರಿಗೂ ಹೇಳಲಿಲ್ಲ.
ಅಮ್ಮ ಗಂಡ ಸತ್ತವರು ಕೂರುವ ಇದ್ದತ್ತಿನಲ್ಲಿ ಕೂತಿದ್ದಾಳೆ, ನಾಲ್ಕು ತಿಂಗಳು ಹತ್ತು ದಿನ ಅಂಗಳ ದಾಟುವಂತಿಲ್ಲ. ನಿದ್ದೆ ಮೊದಲೇ ಕಮ್ಮಿ, ಈಗ ಪೂರ್ತಿ ಇಲ್ಲ. ಅಂಗಳದ ಆ ಬಳ್ಳಿಯೇ ಅವಳಿಗೆ ಜೊತೆ.

ಏಪ್ರಿಲ್ 30
"ತೊಂಡಿಕಾಯಿ ಬಿಡವಾ," ಎಂದು ಪಕ್ಕದ ಗಂಗಾಬಾಯಿ ತೀರ್ಪು ಕೊಟ್ಟರು. ಎಲೆಯೇನೋ ಹಾಗೇ ಇದೆ. ಆದರೆ ಇದರ ಕಾಂಡ ಮುಟ್ಟಿದರೆ ಕೈ ಗೀರುತ್ತದೆ. ನಿನ್ನೆ ಹಗ್ಗ ಕಟ್ಟಿ, ಅವರೆ ಬಳ್ಳಿಯಂತೆ ಸುತ್ತಿ ಬಿಟ್ಟಿದ್ದೆ. ಬೆಳಿಗ್ಗೆ ಬಿಚ್ಚಿಕೊಂಡು ಬಿದ್ದಿತ್ತು. ಅಮ್ಮ ಉಲ್ಟಾ ಸುತ್ತಿದಳು. ನಿಂತಿತು!
"ಅದರ ಹಾದಿ ಅದಕ್ಕ ಗೊತ್ತೈತಿ. ನೀ ಯಾಕ ಜಗ್ತೀ?"
ಸೈನ್ಸ್ ಟೀಚರ್ ಅಂತೆ ನಾನು...

ಮೇ 17
ತಮ್ಮ ಅಯಾಜ ಗಜೇಂದ್ರಗಡದಿಂದ ಬಂದಿದ್ದ. ಎಲೆಯ ಫೋಟೋ ಹೊಡೆದು, ಆ್ಯಪಿನಲ್ಲಿ ನೋಡಿ, ಅಮ್ಮನ ಎದುರಿಗೇ ಒದರಿದ — "ಕೌಸರ ಆಪಾ, ಇದು ಹಾಪ್ಸ್ ಅಂತ! ಬಿಯರಿಗೆ ಹಾಕೋ ಹೂವು!"
ಬಾಯಿಗೆ ಬೀಗವಿಲ್ಲ ಇವನಿಗೆ. ಬಳ್ಳಿಗೆ ನೀರು ಹಾಕುತ್ತಿದ್ದ ಅಮ್ಮ ತಂಬಿಗೆ ಕೆಳಗಿಟ್ಟಳು.
ಸಂಜೆ ಹೇಳಿದಳು: "ಬೆಳಗಾವಿಯಿಂದ ಬಂದಾಗೆಲ್ಲಾ ನಿಮ್ಮಬ್ಬಾನ ಬಾಯಾಗ ಬಡೇಸೋಪ ವಾಸನಿ ಬರ್ತಿತ್ತು. ನಾ ಕೇಳಲಿಲ್ಲ."
ಕುಡಿದದ್ದು ಮುಚ್ಚಲು ಸೋಂಪು ಜಗಿಯುತ್ತಿದ್ದರೇ ಅಬ್ಬಾ? ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮೇ 26
ಅಮ್ಮ ನೀರು ಹಾಕುತ್ತಿಲ್ಲ. ನಾನೇ ಹಾಕುತ್ತೇನೆ, ಕದ್ದು. ಕಿತ್ತುಹಾಕು ಎಂದೂ ಹೇಳಿಲ್ಲ. ಅಬ್ಬಾನ ಹೆಸರನ್ನೇ ಎತ್ತುವುದಿಲ್ಲ. ಅಬ್ಬಾ ಮತ್ತೊಮ್ಮೆ ಸತ್ತ ಹಾಗಾಗಿದೆ ಈ ಮನೆಯಲ್ಲಿ.

ಮೇ 28
ಅಬ್ಬಾನ ಫೋನಿನಲ್ಲಿ ತೋಟದ ಮಾಲೀಕರ ನಂಬರ್ ಸಿಕ್ಕಿತು. ಪ್ರಹ್ಲಾದ ಎಂದು ಹೆಸರು. ಸ್ಪೀಕರ್ ಹಾಕಿ ಅಮ್ಮನ ಮುಂದಿಟ್ಟೆ. ಧೈರ್ಯವಲ್ಲ, ಹಟ.
"ಹವ್ಯಾಸಕ್ಕ ಬೆಳಸೀನ್ರಿ. ಆ ಹೂವು ದಿಂಬಿನ್ಯಾಗ ಹಾಕಿದ್ರ ನಿದ್ದಿ ಬರತೈತಿ ಅಂತಾರ ಅಂದೆ. ನಿಮ್ಮ ತಂದಿ ಬಾಬುಸಾಬರು ಕೆಲಸ ಬಿಟ್ಟು ನಿಂತ್ರು. 'ನಮ್ಮ ಮನ್ಯಾಕಿಗೆ ನಿದ್ದಿಲ್ರಿ, ಒಂದ ಬೇರ ಕೊಡ್ರಿ' ಅಂದ್ರು."
ಬಡೇಸೋಪು? ಅದನ್ನೂ ಕೇಳಿಯೇಬಿಟ್ಟೆ. ಅವರು ದನಿ ಇಳಿಸಿದರು.
"ಬೀಡಿ ವಾಸನಿ ಮುಚ್ಚಾಕರಿ. ಬಿಟ್ಟೀನಿ ಅಂತ ಮನ್ಯಾಗ ಆಣಿ ಮಾಡಿದ್ರಂತ..."
"ಬೀಡಿ ಅಷ್ಟ ಏನ? ಕಳ್ಳ!" ಅಮ್ಮ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ತಂಬಿಗೆ ಎಲ್ಲಿಟ್ಟೆ ಎಂದು ನನ್ನನ್ನೇ ಬೈದಳು.

ಆಗಸ್ಟ್ 11
ಅಂತೂ ಹೂವು. ಹಸಿರು, ಪದರು ಪದರು. ಒಂದು ಬೊಗಸೆಯೂ ಆಗಲಿಲ್ಲ. ಹೋದ ವಾರ ಕಿತ್ತು ಒಣಗಿಸಿಟ್ಟಿದ್ದನ್ನು ಇಂದು ಅಬ್ಬಾನ ಹಳೇ ಅಂಗಿಯ ತೋಳಿನಲ್ಲಿ ತುಂಬಿ ಹೊಲಿದೆ. ಅಮ್ಮ ಮೂಸಿ ಮುಖ ಕಿವುಚಿದಳು.
"ಇದಕ್ಕಿಂತ ಬೀಡಿ ವಾಸನೀನ ಚಲೋ."
ಆದರೂ ದಿಂಬಿನೊಳಗೆ ಸೇರಿಸಿಕೊಂಡಳು.

ಆಗಸ್ಟ್ 12, ಬೆಳಿಗ್ಗೆ 8
ಅಮ್ಮ ಇನ್ನೂ ಎದ್ದಿಲ್ಲ. ನಸುಕಿನ ಅವಳ ಫಜರ್ ನಮಾಜು ತಪ್ಪಿದ್ದು ನಾನು ಕಂಡಂತೆ ಇದೇ ಮೊದಲು. ಹತ್ತಿರ ಹೋಗಿ ಬಗ್ಗಿ, ಉಸಿರಿದೆಯೇ ಎಂದು ಕಿವಿಗೊಟ್ಟೆ — ಗೊರಕೆ! ಹೂವಿನಿಂದಲೋ, ಅಂಗಿಯಿಂದಲೋ, ಗೊತ್ತಿಲ್ಲ. ಸಾಲೆಗೆ ಹೊತ್ತಾಯಿತು. ಯಾಕೆ ಎಬ್ಬಿಸಲಿಲ್ಲ ಎಂದು ಸಂಜೆ ಬೈಯುತ್ತಾಳೆ. ಬೈಯಲಿ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಡುತ್ತೇನೆ.