ಮುಳ್ಳು ಚುಚ್ಚಿದ್ದಲ್ಲ

ಖಡಕಿ, ಪುಣೆ
೨೧ ನವೆಂಬರ್ ೨೦೦೧, ಬುಧವಾರ

ದೌಂಡದಾಗಿರೋ ನಮ್ಮ ದುರ್ಗವ್ವಗ ಶಿವಬಸವ್ವನ ಆಶೀರ್ವಾದ.

ಮಗನಿಗೆ ಹೆಣ್ಣು ನೋಡಿ ಬಂದವರು ಹಿಂಗ ಹುಡುಗಿಗೇ ಕಾಗದ ಹಾಕೂ ಪದ್ಧತಿ ಇಲ್ಲ ಅಂತ ನನಗೂ ಗೊತ್ತದ. ನಿಮ್ಮಪ್ಪ ಈರಬಸಪ್ಪನವರು ಸಿಟ್ಟಾಗಬಾರದು. ಇದು ಲಗ್ನದ ಮಾತಿಗಿಂತ ಮೊದಲ ಆಡಬೇಕಾದ ಮಾತು.

ಆಯಿತವಾರ ನೀ ನಮ್ಮ ಮುಂದ ಚಾಪಿ ಮ್ಯಾಲ ಕುಂತಿ. ಕಾಲು ಮಡಚಲಿಲ್ಲ. ಮೈಭಾರ ಎಲ್ಲಾ ಎಡಕ್ಕ ಹಾಕಿ, ಬಲಗಡೆ ನೆಲಕ್ಕ ಹತ್ತದಂಗ ಕುಂತಿದ್ದಿ. ಏಳೂವಾಗ ಗ್ವಾಡಿ ಹಿಡದಿ, ಒಳಗ ಹೋಗೂವಾಗ ಕಾಲು ಎಳದಿ. "ನಿನ್ನೆ ಮುಳ್ಳು ಚುಚ್ಚೇದ," ಅಂದ್ರು ನಿಮ್ಮವ್ವ ಸಕ್ಕುಬಾಯಿ. ಯಾರೂ ಮುಂದ ಕೇಳಲಿಲ್ಲ. ವಾಪಸ್ ಬರೂವಾಗ ಗಾಡ್ಯಾಗ ನಮ್ಮ ಭಾವ ಹುಲಿಗೆಪ್ಪನವರು, "ಹುಡುಗಿ ಕುಂಟಿ ಅದಾಳ, ಮುಚ್ಚಿಡ್ತಾರ. ಈ ಸಂಬಂಧ ಬ್ಯಾಡ," ಅಂದ್ರು. ನಮ್ಮ ಮನಿಯವರು ತೀರಿಕೊಂಡಾಗಿಂದ ಭಾವನವರದ ಕಡೀ ಮಾತು. ಆದ್ರ ನನಗ ಅದು ಮುಳ್ಳಲ್ಲ, ಹುಟ್ಟುಕುಂಟೂ ಅಲ್ಲ ಅಂತ ಅನಿಸಿತ್ತು. ಯಾಕಂದ್ರ ನಾನೂ ಒಂದು ಕಾಲಕ್ಕ ಹಂಗ ಕುಂಡ್ರತಿದ್ದೆ.

ಆಗ ಇಲ್ಲೇ ಪುಣೆ ಔಂಧದಾಗ ನಂದು ಬಿಲ್ಡಿಂಗ್ ಕೆಲಸ. ಸ್ಲ್ಯಾಬ್ ಹಾಕೂ ದಿನ ಬುಟ್ಟಿ ಎತ್ತಾಕ ಬಗ್ಗಿದೆ, ಟೊಂಕದಾಗ ಚಳಕ್ ಅಂತು. ಮರುದಿನ ಟೊಂಕದ್ದು ಕಡಿಮಿ, ಅದರ ಕೆಳಗ ಹೆಚ್ಚು. ಕುಂಡ್ರೂ ಜಾಗದಿಂದ ಸುರುವಾಗಿ ತೊಡಿ ಹಿಂದ ಇಳದು, ಮೀನಖಂಡ ದಾಟಿ ಹೆಬ್ಬೆರಳತನಕ, ಕಾದ ತಂತಿ ಎಳದಂಗ. ಕೆಮ್ಮಿದರ, ಸೀನಿದರ ಮತ್ತಷ್ಟು. ಬೆರಳು ಜೋಂ ಅಂತಿತ್ತು. ಗಂಡಸರ ಮುಂದ ಆ ಜಾಗದ ಹೆಸರು ಹ್ಯಾಂಗ ಹೇಳೂದು? ಕಾಲುನೋವು ಅಂದೆ. ಎಲ್ಲಾರೂ ಕಾಲಿಗೇ ಎಣ್ಣಿ ತಿಕ್ಕಿದರು. ಊರಿಗೆ ಕರಕೊಂಡು ಹೋಗಿ ಮೀನಖಂಡಕ್ಕ ಕಬ್ಬಿಣ ಕಾಸಿ ಬರಿ ಹಾಕಿಸಿದರು. ಆ ಕಲೆ ಈಗೂ ಅದ. ನೋವು ಹೋಗಲಿಲ್ಲ.

ಕಡೀಕ ನಮ್ಮ ಚಾಳದಾಗ ಬಾಜೂ ಮನಿ ಸುಲಭಾತಾಯಿ ಜಬರ್ದಸ್ತಿ ದವಾಖಾನಿಗೆ ಎಳಕೊಂಡು ಹೋದಳು. ಡಾಕ್ಟರಬಾಯಿ ಅಂಗಾತ ಮಲಗಿಸಿ, ಮೊಣಕಾಲು ಮಡಚದಂಗ ಕಾಲು ಮ್ಯಾಲ ಎತ್ತಿದಳು. ಸ್ವಲ್ಪ ಎತ್ತೂದ್ರಾಗ ಪೂರಾ ಕಾಲಿಗೆ ಕರೆಂಟ್ ಹೊಡದಂಗಾತು. ಎಲ್ಲೆಲ್ಲಿ ಅಂತ ಕೇಳಿದಳು. ನಾ ನಾಚಿಕೊಂಡು ಕೈಲೆ ತೋರಿಸಿದೆ. ಆಕಿ ನಗಲಿಲ್ಲ. "ಮಾವಶಿ, ನಿಮ್ಮ ಕಾಲು ಛಲೋ ಅದ. ಟೊಂಕದಾಗ ನರ ಒತ್ತೇದ. ಆ ನರ ಎಲ್ಲಿತನಕ ಹೋಗೇದೋ ಅಲ್ಲಿತನಕ ನೋವು," ಅಂತ ಮರಾಠಿಯೊಳಗ ತಿಳಿಸಿ ಹೇಳಿದಳು.

ಗುಳಗಿ ಕೊಟ್ಟಳು. ಒಂದೆರಡು ದಿನ ಸುಧಾರಿಸಿಕೋ, ಆಮ್ಯಾಲ ಹಾಸಿಗಿ ಹಿಡೀಬ್ಯಾಡ, ಅಡ್ಡಾಡು. ಬಗ್ಗಿ ಭಾರ ಎತ್ತಬ್ಯಾಡ, ಒಂದ ಕಡೆ ಭಾಳೊತ್ತು ಕುಂಡ್ರಬ್ಯಾಡ ಅಂದಳು. ವ್ಯಾಯಾಮಾನೂ ಕಲಿಸಿದಳು. ನಾ ಮಲಗಿ ಕಾಲು ಮಡಚಿ ಎದಿಗೆ ತರೂದು ನೋಡಿ ಚಾಳದ ಹೆಂಗಸರು ನಕ್ಕರು. ನಗಲಿ ಬಿಡು. ತಿಂಗಳೊಪ್ಪತ್ತಿನಾಗ ನೋವು ಮೀನಖಂಡ ಬಿಟ್ಟು ತೊಡಿಗೆ ಏರಿತು, ಆಮ್ಯಾಲ ಟೊಂಕಕ್ಕ, ಆಮ್ಯಾಲ ಎಲ್ಲಿ ಹೋತೋ ತಿಳೀಲಿಲ್ಲ. ಒಂದಿನ ನೆಲಕ್ಕ ಸರಿಯಾಗಿ ಕುಂತು ರೊಟ್ಟಿ ಬಡದೆ. ಅವತ್ತು ಅತ್ತುಬಿಟ್ಟೆ ನಾನು.

ನೀ ದಿನಪೂರ್ತಿ ಹೊಲಿಗಿ ಮಶೀನಿಗೆ ಕುಂಡ್ರತಿ ಅಂತ ನಿಮ್ಮವ್ವ ಹೇಳಿದ್ರು. ನಿಂದೂ ಇದ ನೋವು ಅಂತ ನಾ ಆಣಿ ಮಾಡಿ ಹೇಳಲಾರೆ, ಡಾಕ್ಟರ ನೋಡಬೇಕು. ಆದ್ರ ಬರಿ ಹಾಕಿಸಬ್ಯಾಡ, ಯಾರ ಕೈಲೂ ಕಾಲು ಜಗ್ಗಿಸಬ್ಯಾಡ. ನಡೀವಾಗ ಚಪ್ಪಲಿ ತಿಳೀದಂಗ ಜಾರಿ ಬಿದ್ದರ, ಕುಂಡ್ರೂ ಜಾಗ ಮರಗಟ್ಟಿದರ, ಉಚ್ಚಿ ಕಟ್ಟಿದರ ಇಲ್ಲಾ ತಡಿಯದಂಗಾದರ ಆ ದಿನಾನ ದವಾಖಾನಿಗೆ ಹೋಗು. ನಾಚಿಕಿ ಮಾಡಬ್ಯಾಡ.

ನಿನ್ನೆ ಭಾವನವರಿಗೆ ಹೇಳೀನಿ: "ಆ ಹುಡುಗಿ ಕುಂಟಿ ಆದರ ನಾನೂ ಕುಂಟೀನ ಇದ್ದೆರಿ. ಈಗ ನೋಡ್ರಿ." ಅವರು ಊಟ ಅರ್ಧಕ್ಕ ಬಿಟ್ಟು ಎದ್ದು ಹೋದರು. ಇಷ್ಟು ವರ್ಷದಾಗ ಅವರ ಮುಂದ ಮೊದಲ ಸಲ ಬಾಯಿ ತಗದೀನಿ. ಹೇಳಿದ್ದು ಹೇಳಿದ್ದ.

ಲಗ್ನ ಆಗ್ತದೋ ಇಲ್ಲೋ, ಅದು ನಿನ್ನ ಮನಸ್ಸು. ಬರೂ ಸೋಮವಾರ ಇಲ್ಲಿ ದವಾಖಾನ್ಯಾಗ ಆ ಡಾಕ್ಟರಬಾಯಿ ಇರ್ತಾಳ. ನಿಮ್ಮವ್ವನ್ನ ಕರಕೊಂಡು ಬಾ. ಗಾಡ್ಯಾಗ ನಡುನಡುವ ಎದ್ದು ನಿಂತ್ಕೋ.

ಇಂತಿ, ನಿನ್ನ ನೋವು ಬಲ್ಲಾಕಿ
ಶಿವಬಸವ್ವ
(ಎಡಗೈ ಹೆಬ್ಬೆಟ್ಟು)

ತಾ.ಕ.: ಅವ್ವನಿಗೆ ಓದು ಬರಹ ಬರುವುದಿಲ್ಲ. ಅವಳು ಹೇಳುತ್ತ ಹೋದಳು, ನಾನು ಬರೆದೆ. ನಾನು ಅವಳ ಮಗ, ಆಯಿತವಾರ ನಿಮ್ಮನ್ನು ನೋಡಲು ಬಂದವನು; ನನ್ನ ಹೆಸರು ದತ್ತು. 'ಕುಂಡ್ರೂ ಜಾಗ' ಎಂದಿರುವಲ್ಲಿ ಅವ್ವ ನೇರ ಹೆಸರನ್ನೇ ಹೇಳಿ, 'ಹಂಗ ಬರಿ' ಎಂದು ಗದರಿದಳು. ನಿಮಗೆ ಬರೆಯುವ ಮೊದಲ ಕಾಗದದಲ್ಲಿ ಆ ಶಬ್ದ ಬರೆಯಲು ನನ್ನಿಂದ ಆಗಲಿಲ್ಲ. ಇದು ಅವಳಿಗೆ ಗೊತ್ತಿಲ್ಲ. ನನ್ನನ್ನು ಯಾರೂ ಕೇಳಿಲ್ಲ, ಆದರೂ ತಿಳಿಸುತ್ತೇನೆ: ನನ್ನ ಒಪ್ಪಿಗೆ ಇದೆ. ಸೋಮವಾರ ಫ್ಯಾಕ್ಟರಿಗೆ ರಜೆ ಹಾಕಿದ್ದೇನೆ. ನೀವು ನನ್ನನ್ನು ಒಪ್ಪದಿದ್ದರೂ ದವಾಖಾನೆಗೆ ಬನ್ನಿ. ಖಡಕಿ ಸ್ಟೇಷನ್ನಿನಲ್ಲಿ ಅವ್ವ ಇರುತ್ತಾಳೆ. ನಾನು ಸ್ವಲ್ಪ ದೂರ ನಿಂತಿರುತ್ತೇನೆ.